ಕಾಲರ್ ಬ್ಯಾಡ್ಜ್ ಸಿಕ್ಕಿದರೆ ಮೊದಲು ತಿರುಗಿಸಿ ಹಿಂಭಾಗ ನೋಡಿ

ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ವಾಯುಪಡೆಯ ಕಾಲರ್ ಬ್ಯಾಡ್ಜ್ ಕೂಡಿಡಬೇಕು ಅನ್ನೋ ಆಸೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೇರೆ ದೇಶದ್ದು ಬಿಟ್ಟು ಅಮೆರಿಕದ್ದೇ ಯಾಕೆ ಅಂದರೆ, ಆ ಬ್ಯಾಡ್ಜುಗಳು ನಮ್ಮ ಬೆಂಗಳೂರಿನಲ್ಲೂ ಓಡಾಡಿವೆ. 1940ರ ಡಿಸೆಂಬರಿನಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕನ್ ವಾಯುಪಡೆಯ ಕೈಗೆ ಕೊಟ್ಟರು. ಅದು 84ನೇ ಏರ್ ಡಿಪೋ ಆಯಿತು. ಕ್ಯಾಟಲಿನಾ, ಬಿ-25, ಸಿ-47 ತರಹದ ವಿಮಾನಗಳು ಇಲ್ಲಿ ರಿಪೇರಿಗೆ ಬರುತ್ತಿದ್ದವು. ಅವುಗಳ ಜೊತೆ ಇದ್ದ ಆಫೀಸರು, ಮೆಕ್ಯಾನಿಕ್ಕು ಎಲ್ಲರ ಕಾಲರಿನಲ್ಲೂ ಒಂದೇ ಗುರುತು: ಅಡ್ಡಕ್ಕೆ ಚಾಚಿದ ಎರಡು ರೆಕ್ಕೆ, ನಡುವೆ ನೆಟ್ಟಗೆ ನಿಂತ ಪ್ರೊಪೆಲ್ಲರ್.

ಈ ಗುರುತಿನಿಂದ ವಿಭಾಗ ಮಾತ್ರ ಗೊತ್ತಾಗುತ್ತದೆ. ಹಾಕಿಕೊಂಡವನು ಪೈಲಟ್ಟೋ, ಸ್ಟೋರ್ಸ್ ನೋಡಿಕೊಳ್ಳುವವನೋ ಇದರಲ್ಲಿ ತಿಳಿಯುವುದಿಲ್ಲ. ಪೈಲಟ್ಟಿನ ರೆಕ್ಕೆ ಎದೆಯ ಮೇಲೆ ಬೇರೆಯೇ ಇರುತ್ತಿತ್ತು. ಮಾರುವವರು "ಪೈಲಟ್ ಕಾಲರ್ ಬ್ಯಾಡ್ಜ್" ಅಂತ ಹೇಳಿ ಬೆಲೆ ಏರಿಸಿದರೆ ನಂಬಬೇಡಿ.

ಆಫೀಸರದ್ದು ರೆಕ್ಕೆ-ಪ್ರೊಪೆಲ್ಲರಿನ ಆಕಾರಕ್ಕೇ ಕತ್ತರಿಸಿದ ಬ್ಯಾಡ್ಜ್. ರೆಕ್ಕೆ ಚಿನ್ನದ ಬಣ್ಣ, ಪ್ರೊಪೆಲ್ಲರ್ ಬೆಳ್ಳಿ ಬಣ್ಣ. ಕೋಟಿನ ಮೇಲಾದರೆ ಎರಡೂ ಕಡೆ ಮೇಲಿನ ಕಾಲರಿನಲ್ಲಿ ಯು.ಎಸ್. ಅಕ್ಷರ, ಕೆಳಗಿನ ಮಡಿಕೆಯಲ್ಲಿ ಈ ರೆಕ್ಕೆ. ಸಾಮಾನ್ಯ ಸೈನಿಕರದ್ದು ಗುಂಡನೆಯ ಬಿಲ್ಲೆ: ಹಾಕಿಕೊಂಡವನ ಬಲಕ್ಕೆ ಯು.ಎಸ್., ಎಡಕ್ಕೆ ರೆಕ್ಕೆ-ಪ್ರೊಪೆಲ್ಲರ್. ಇದೇ ಚಿತ್ರ ತುಂಬಾ ದೊಡ್ಡದಾಗಿ ಸಿಕ್ಕಿದರೆ ಅದು ಕಾಲರಿನದಲ್ಲ, ತರಬೇತಿಯಲ್ಲಿದ್ದ ಕೆಡೆಟ್‌ಗಳ ಟೋಪಿಯದು. ಅದೂ ಒಳ್ಳೆಯ ವಸ್ತುವೇ, ಆದರೆ ಹೆಸರು ಸರಿಯಾಗಿ ಹೇಳಿ ಕೊಳ್ಳಬೇಕು ಅಲ್ವಾ.

ಈಗ ಕಷ್ಟದ ಭಾಗ. ಆಗ ಸೈನ್ಯದ ಭಾಗವೇ ಆಗಿದ್ದ ಈ ವಾಯುಪಡೆಗೆ 1926ರಲ್ಲಿ ಏರ್ ಕೋರ್ ಅನ್ನೋ ಹೆಸರು ಬಂತು, 1941ರ ಜೂನ್‌ನಲ್ಲಿ ಆರ್ಮಿ ಏರ್ ಫೋರ್ಸಸ್ ಆಯಿತು, 1947ರ ಸೆಪ್ಟೆಂಬರಿನಲ್ಲಿ ವಾಯುಪಡೆ ಸೈನ್ಯದಿಂದ ಪೂರ್ತಿ ಬೇರೆಯಾಯಿತು. ಅಷ್ಟೂ ವರ್ಷ ಕಾಲರಿನ ಚಿತ್ರ ಹೆಚ್ಚುಕಡಿಮೆ ಅದೇ. ಅದಕ್ಕೇ ಮುಂಭಾಗ ಎಷ್ಟು ನೋಡಿದರೂ ಇದು 1935ರದೋ 1944ರದೋ ಹೇಳುವುದು ಕಷ್ಟ. ಇನ್ನೊಂದು ಬಲೆಯೂ ಇದೆ: 1983ರಲ್ಲಿ ಅಮೆರಿಕದ ಸೈನ್ಯ ತನ್ನ ಹೊಸ ಏವಿಯೇಷನ್ ವಿಭಾಗಕ್ಕೆ ಇದೇ ಚಿನ್ನದ ರೆಕ್ಕೆ, ಬೆಳ್ಳಿ ಪ್ರೊಪೆಲ್ಲರನ್ನು ಸ್ವಲ್ಪ ಬದಲಿಸಿ ಕೊಟ್ಟಿತು. ಆ ಹೊಸ ಬ್ಯಾಡ್ಜನ್ನೇ ಯುದ್ಧಕಾಲದ್ದು ಅಂತ ಮಾರುವವರಿದ್ದಾರೆ. ಹಳೆಯದರ ಒಂದು ಒಳ್ಳೆಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು ರೆಕ್ಕೆಯ ಗರಿಗಳ ಸಾಲನ್ನು ಹೋಲಿಸಿ ನೋಡಿ, ವ್ಯತ್ಯಾಸ ಕಾಣುತ್ತದೆ.

ಹೀಗಾಗಿ ನಾನು ಯಾರಿಗೇ ಆಗಲಿ ಹೇಳುವುದು ಒಂದೇ, ತಿರುಗಿಸಿ ನೋಡಿ. ಹಿಂದೆ ಸೇಫ್ಟಿ ಪಿನ್ನಿನಂಥ ಉದ್ದ ಪಿನ್ನೂ ಕೊಕ್ಕೆಯೂ ಇದ್ದರೆ ಅದು ಯುದ್ಧಕ್ಕೆ ಮುಂಚಿನದೂ ಆಗಿರಬಹುದು, ಯುದ್ಧದ ಕಾಲದ್ದೂ ಆಗಿರಬಹುದು. ಎರಡು ಚಿಕ್ಕ ಮೊಳೆ, ಅವುಗಳ ತುದಿಗೆ ಒತ್ತಿ ಕೂರಿಸುವ ಪುಟ್ಟ ಹಿಡಿ, ಅಂದರೆ ಕ್ಲಚ್ ಇದ್ದರೆ 1942ರ ಆಸುಪಾಸಿನಿಂದ ಈಚಿನದು. ಬಿಲ್ಲೆಗಳಲ್ಲಿ ಸ್ಕ್ರೂ ತಿರುಗಿಸಿ ಹಾಕುವ ಹಳೆಯ ಬಗೆ ಬೇರೆ ಇದೆ. ಆದರೆ ಕ್ಲಚ್ಚನ್ನೇ ನೆಚ್ಚಿಕೊಳ್ಳಬೇಡಿ, ಅದು ಕಳಚಿ ಬರುವ ಭಾಗ. ಹಳೆಯ ಬ್ಯಾಡ್ಜಿಗೆ ಹೊಸ ಕ್ಲಚ್, ಹೊಸದಕ್ಕೆ ಬಾಲೂ ಕಂಪನಿಯ ಹಳೆಯ ಕ್ಲಚ್ ಯಾರು ಬೇಕಾದರೂ ಹಾಕಬಹುದು. ಮೊಳೆ ಬ್ಯಾಡ್ಜಿಗೆ ಹೇಗೆ ಬೆಸೆದಿದೆ, ಆ ಬುಡದ ಸುತ್ತ ಬೆಸುಗೆ ಬೇರೆ ಭಾಗದಷ್ಟೇ ಹಳೆಯದಾಗಿ ಕಾಣುತ್ತದೆಯಾ ಅನ್ನೋದನ್ನು ನೋಡಿ.

ಆಮೇಲೆ ಹಿಂಭಾಗದಲ್ಲಿರುವ ತಯಾರಕರ ಮುದ್ರೆ. ಎನ್. ಎಸ್. ಮೇಯರ್ ನ್ಯೂಯಾರ್ಕ್, ಜೆಮ್‌ಸ್ಕೊ, ಆಮ್‌ಕ್ರಾಫ್ಟ್, ಲಕ್ಸನ್‌ಬರ್ಗ್, ಇವು ಆಗ ಹೆಸರು ಮಾಡಿದ್ದ ತಯಾರಕರು. ಸ್ಟರ್ಲಿಂಗ್ ಅಂತ ಇದ್ದರೆ ಶೇಕಡಾ 92.5 ಬೆಳ್ಳಿ. ಹಿತ್ತಾಳೆ ತೋಟಾಗಳಿಗೆ ಬೇಕಾಗಿದ್ದ ಕಾಲ ಅದು, ಹಾಗಾಗಿ ಯುದ್ಧದ ವರ್ಷಗಳ ಬೆಳ್ಳಿ ಬ್ಯಾಡ್ಜುಗಳು ಚೆನ್ನಾಗಿಯೇ ಸಿಗುತ್ತವೆ, ಸೈನಿಕರ ಬಿಲ್ಲೆಗಳನ್ನಂತೂ ಪ್ಲಾಸ್ಟಿಕ್ಕಿನಲ್ಲೂ ಮಾಡಿದ್ದರು. ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿದರೆ ಆಟಿಕೆ ಅಂದುಕೊಂಡು ಬಿಸಾಡಬೇಡಿ! ಹೆಸರಿನ ಬದಲು 22-ಎಂ ತರಹ ಬರೀ ಅಂಕಿ ಮತ್ತು ಅಕ್ಷರದ ಗುರುತು ಇದ್ದರೆ ಅದು ಯುದ್ಧ ಮುಗಿದ ಎಷ್ಟೋ ವರ್ಷಗಳ ನಂತರದ್ದು. ಅದನ್ನು ವಾಪಸ್ ಕೊಟ್ಟುಬಿಡಿ.

ಇಷ್ಟು ಅಮೆರಿಕದಲ್ಲಿ ತಯಾರಾದ ಮಾಲಿನ ಬಗ್ಗೆ. ನನಗೆ ಜಾಸ್ತಿ ಪ್ರೀತಿ ಇರುವುದು ನಮ್ಮ ನೆಲದಲ್ಲೇ ತಯಾರಾದವುಗಳ ಮೇಲೆ. ಚೀನಾ-ಬರ್ಮಾ-ಇಂಡಿಯಾ ರಂಗದಲ್ಲಿದ್ದ ಅಮೆರಿಕನ್ನರು ಇಲ್ಲಿನ ಅಕ್ಕಸಾಲಿಗರಿಂದ, ಜರಿ ಕೆಲಸದವರಿಂದ ಬ್ಯಾಡ್ಜ್ ಮಾಡಿಸಿಕೊಳ್ಳುತ್ತಿದ್ದರು. ಇವುಗಳಿಗೆ ಸಾಮಾನ್ಯವಾಗಿ ಮುದ್ರೆ ಇರುವುದಿಲ್ಲ. ಅಚ್ಚಿನಲ್ಲಿ ಒತ್ತಿದ ಬ್ಯಾಡ್ಜಿನ ಚೊಕ್ಕತನವೂ ಇರುವುದಿಲ್ಲ. ಮರಳಿನಲ್ಲಿ ಎರಕ ಹೊಯ್ದಿದ್ದರೆ ಮೈ ಸ್ವಲ್ಪ ತರಿತರಿ, ಹಿಂಭಾಗ ಒರಟು, ಗರಿಗಳ ಗೆರೆ ಕೈಯಲ್ಲಿ ಕೆತ್ತಿದ್ದು, ಒಂದು ರೆಕ್ಕೆಯ ಗರಿಗೂ ಇನ್ನೊಂದು ರೆಕ್ಕೆಯ ಗರಿಗೂ ಲೆಕ್ಕ ತಾಳೆಯಾಗುವುದಿಲ್ಲ, ಕೊಕ್ಕೆ ತಗಡು ಬಗ್ಗಿಸಿ ಬೆಸೆದದ್ದು. ಅಮೆರಿಕದ ಕ್ಯಾಟಲಾಗ್ ಮಾತ್ರ ಓದಿಕೊಂಡವರು ಇವನ್ನು ನಕಲಿ ಅಂತ ತಳ್ಳಿಹಾಕುತ್ತಾರೆ. ನನಗದು ತುಂಬಾ ಬೇಸರದ ಸಂಗತಿ, ಯಾಕೆಂದರೆ ಹೆಸರಿಲ್ಲದ ಆ ಕೆಲಸಗಾರರ ಕೈಗುರುತು ಉಳಿದಿರುವುದು ಇಲ್ಲೇ.

ಹಾಗಂತ ಒರಟಾಗಿರುವುದೆಲ್ಲ ಅಸಲಿಯೂ ಅಲ್ಲ. ಅಸಲಿ ಬ್ಯಾಡ್ಜನ್ನೇ ಅಚ್ಚಿಗೆ ಒತ್ತಿ ನಕಲು ಎರಕ ಹೊಯ್ದರೆ, ಲೋಹ ತಣ್ಣಗಾಗುವಾಗ ಕುಗ್ಗಿ ನಕಲು ಒಂದು ಕೂದಲಿನಷ್ಟು ಚಿಕ್ಕದಾಗುತ್ತದೆ, ಗೆರೆಗಳು ಮೊಂಡಾಗುತ್ತವೆ. ಹಿಂದಿನ ಮುದ್ರೆಯ ಅಕ್ಷರವೂ ಮಸುಕಾಗಿ ಎರಕದಲ್ಲೇ ಮೂಡಿರುತ್ತದೆ. ಅಳೆಯಲು ಒಂದು ಕ್ಯಾಲಿಪರ್, ನೋಡಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಸಾಕು. ಕೈಕೆಲಸದ ಅಸಲಿಯಲ್ಲಿ ಉಳಿಯ ಗೆರೆ ಚೂಪಾಗಿಯೇ ಇರುತ್ತದೆ, ಸವೆದಿದ್ದರೆ ಬಟ್ಟೆಗೂ ಕೈಗೂ ತಾಗುವ ಎತ್ತರದ ಜಾಗದಲ್ಲಿ ಸವೆದಿರುತ್ತದೆ. ತಗ್ಗಿನಲ್ಲೂ ದಿಬ್ಬದಲ್ಲೂ ಒಂದೇ ಸಮ ಸವೆದಿದ್ದರೆ ಬೇಕಂತಲೇ ಉಜ್ಜಿದ್ದಾರೆ ಅಂತಲೇ ಅರ್ಥ.

ಜರಿ ಕಸೂತಿಯದು ಇನ್ನೂ ನಾಜೂಕು. ಈ ಕೆಲಸ ನಮ್ಮಲ್ಲಿ ನಿಂತೇ ಇಲ್ಲ, ಭಾರತದಲ್ಲೂ ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲೂ ಇವತ್ತಿಗೂ ಒಳ್ಳೊಳ್ಳೆ ಬ್ಯಾಡ್ಜ್ ಹೊಲಿಯುತ್ತಾರೆ. ಹಾಗಾಗಿ ಕಸೂತಿಯ ಅಂದ ನೋಡಿ ಕಾಲ ಹೇಳಲಾಗದು. ನೋಟು ಪರೀಕ್ಷೆ ಮಾಡುವ ನೀಲಿ ಟಾರ್ಚ್ ಇರುತ್ತಲ್ಲ, ಅದನ್ನು ಕತ್ತಲೆಯಲ್ಲಿ ಹಿಂಭಾಗದ ದಾರದ ಮೇಲೆ ಬಿಡಿ. ಹೊಸ ಕಾಲದ ದಾರ, ಕಾಗದ ಬೆಳ್ಳಗೆ ಮಿಂಚುವುದು ಜಾಸ್ತಿ. ಈಗಿನ ಡಿಟರ್ಜೆಂಟಿನಲ್ಲಿ ಒಗೆದ ಹಳೆಯ ಬಟ್ಟೆಯೂ ಮಿಂಚುತ್ತದೆ ಅನ್ನೋದು ನೆನಪಿರಲಿ, ಅದಕ್ಕೇ ಅದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ. ಅಂಚಿನಲ್ಲಿ ಕಾಲರಿಗೆ ಹೊಲಿದಿದ್ದ ಸೂಜಿ ತೂತುಗಳಿವೆಯಾ, ಜರಿ ಅಲ್ಲಲ್ಲಿ ಹೆಚ್ಚುಕಡಿಮೆಯಾಗಿ ಕಪ್ಪಾಗಿದೆಯಾ ನೋಡಿ.

ಬ್ರಿಟಿಷ್ ಮತ್ತು ಭಾರತೀಯ ವಾಯುಪಡೆ ಆಫೀಸರರ ದರ್ಜೆ ಗುರುತು ತೋಳಿನ ತುದಿಯಲ್ಲೋ ಭುಜದ ಮೇಲೋ ಇರುತ್ತಿತ್ತು, ಕಾಲರಿನಲ್ಲಿ ಸಿಗುವುದು ಕಡಿಮೆ. ಬ್ರಿಟಿಷ್ ಸ್ವಯಂಸೇವಾ ಮೀಸಲು ಪಡೆಯ ವಿ.ಆರ್. ಅಕ್ಷರ, ಸಹಾಯಕ ಪಡೆಯ ಎ ಅಕ್ಷರ ಕಾಲರಿನವೇ. ಎಲ್ಲಾದರೂ ಕಂಡರೆ ಬಿಡಬೇಡಿ.

ಮನೆಗೆ ತಂದ ಮೇಲೆ ದಯವಿಟ್ಟು ತೊಳೆದು ಬೆಳಗಬೇಡಿ. ಹುಣಸೆಹಣ್ಣು, ಪೀತಾಂಬರಿ, ಬ್ರಾಸೋ ಯಾವುದೂ ಬೇಡ. ಚಿನ್ನದ ಲೇಪ ತೆಳ್ಳಗಿರುತ್ತದೆ, ಒಮ್ಮೆ ಹೋದರೆ ಹೋಯಿತು. ಒಣ ಮೆತ್ತನೆ ಬ್ರಶ್ಶಿನಿಂದ ಧೂಳು ತೆಗೆದರೆ ಸಾಕು. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟರೆ ಬೆಳ್ಳಿ ಕಪ್ಪಾಗುತ್ತದೆ, ಪಿವಿಸಿ ಕವರಿನಲ್ಲಿಟ್ಟರೆ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಮಳೆಗಾಲದಲ್ಲಿ ಪೊಟ್ಟಣ ಬದಲಿಸಿ. ಜೊತೆಗೆ ಒಂದು ಚೀಟಿಯಲ್ಲಿ ಎಲ್ಲಿ ಸಿಕ್ಕಿತು, ಯಾರ ಮನೆಯದು, ಅವರು ಏನು ಹೇಳಿದರು ಅಂತ ಅವತ್ತೇ ಬರೆದಿಡಿ. ಡಿಪೋದಲ್ಲಿ ಕೆಲಸ ಮಾಡಿದ್ದ ಅಜ್ಜನ ಟ್ರಂಕಿನಲ್ಲಿತ್ತು ಅಂತ ಮೊಮ್ಮಕ್ಕಳು ಹೇಳಿದರೆ ಆ ಮಾತನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಟ್ರಂಕಿನಲ್ಲಿದ್ದ ಬೇರೆ ಕಾಗದ, ಫೋಟೋಗಳನ್ನೂ ಫೋಟೋ ತೆಗೆದುಕೊಳ್ಳಿ. ಬೇರೆಯವರ ಅಭಿಪ್ರಾಯ ಕೇಳುವಾಗ ಸ್ಕೇಲ್ ಪಕ್ಕದಲ್ಲಿಟ್ಟು ಹಿಂದಿನ, ಮುಂದಿನ ಎರಡೂ ಫೋಟೋ ಕಳಿಸಿ. ಮುಂಭಾಗದ ಫೋಟೋ ಮಾತ್ರ ಕಳಿಸಿದರೆ ಬಲ್ಲವರೂ ಏನೂ ಹೇಳಲಾರರು.