ಹತ್ತಿದ ಗೇರಿನಲ್ಲೇ ಇಳಿಯುವುದು: ಆಲ್ಪ್ಸ್‌ನಲ್ಲಿ ಮೋಟರ್‌ಹೋಮ್ ಓಡಿಸಿದ ನನ್ನ ಅನುಭವ

ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿ ಒಂಬತ್ತು ವರ್ಷಗಳಾಗಿದ್ದರೂ ಆಲ್ಪ್ಸ್ ಪರ್ವತಗಳನ್ನು ನಾವು ಕಂಡಿದ್ದು ರೈಲಿನ ಕಿಟಕಿಯಿಂದ ಮಾತ್ರ. ಕಳೆದ ಜುಲೈ ತಿಂಗಳಲ್ಲಿ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ, ಏಳು ಮೀಟರ್ ಉದ್ದದ ಮೋಟರ್‌ಹೋಮ್ ಒಂದನ್ನು ಹತ್ತು ದಿನಗಳ ಮಟ್ಟಿಗೆ ಬಾಡಿಗೆಗೆ ಪಡೆದು, ನಾನು, ನನ್ನ ಹೆಂಡತಿ ಮತ್ತು ಇಬ್ಬರು ಮಕ್ಕಳು ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ರಸ್ತೆಯ ಮೂಲಕ ಇಟಲಿಯ ಡೊಲೊಮೈಟ್ಸ್ ತಲುಪಿ, ಬ್ರೆನ್ನರ್ ಕಣಿವೆಮಾರ್ಗವಾಗಿ ಹಿಂದಿರುಗಿದೆವು. ದಿನಕ್ಕೆ ಇಷ್ಟು ಕಿಲೋಮೀಟರ್ ಎಂದು ನಾನು ಹೊರಡುವ ಮೊದಲು ಹಾಕಿಕೊಂಡಿದ್ದ ಲೆಕ್ಕವೆಲ್ಲ ಎರಡನೆಯ ದಿನಕ್ಕೇ ತಲೆಕೆಳಗಾಯಿತು. ಅಂಥ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ತೂಕ, ಆಮೇಲೆ ಇಳಿಜಾರು. ದೂರದ ಮಾತು ಬರುವುದು ಅವೆರಡರ ನಂತರ.

ಯುರೋಪಿನ ಸಾಮಾನ್ಯ ಕಾರಿನ ಪರವಾನಗಿಯಲ್ಲಿ ಒಟ್ಟು 3,500 ಕಿಲೋ ತೂಕದವರೆಗಿನ ಗಾಡಿಯನ್ನು ಓಡಿಸಬಹುದು. ನಮ್ಮ ಗಾಡಿಯ ದಾಖಲೆಯಲ್ಲಿ ಖಾಲಿ ತೂಕ 2,980 ಕಿಲೋ ಎಂದಿದ್ದುದರಿಂದ, ಉಳಿದ 520 ಕಿಲೋ ನಾಲ್ಕು ಜನರಿಗೆ ಧಾರಾಳವೆಂದು ನಾನು ಭಾವಿಸಿದ್ದೆ. ಆದರೆ ನಾವು ನಾಲ್ವರು, ಹಿಂಬದಿಯ ನಾಲ್ಕು ಸೈಕಲ್ಲುಗಳು, ಬದಿಯ ಬಟ್ಟೆಯ ಚಪ್ಪರ, ಮಡಚುವ ಕುರ್ಚಿ ಮೇಜುಗಳು, ಎರಡು ಗ್ಯಾಸ್ ಸಿಲಿಂಡರ್‌ಗಳು, ಜೊತೆಗೆ ಹತ್ತು ದಿನಕ್ಕೆಂದು ಕಟ್ಟಿಕೊಂಡ ಅಕ್ಕಿ ಬೇಳೆಗಳೆಲ್ಲ ಸೇರಿ, ಊರಾಚೆಯ ಮರಳಿನ ಅಂಗಳದ ತೂಕಸೇತುವೆಯ ಮೇಲೆ ನಿಲ್ಲಿಸಿದಾಗ 3,570 ಕಿಲೋ ತೋರಿಸಿತು. ನೂರು ಲೀಟರಿನ ನೀರಿನ ಟ್ಯಾಂಕ್ ತುಂಬಿತ್ತು. ಅಲ್ಲಿಯೇ ಎಂಬತ್ತು ಲೀಟರ್ ನೀರನ್ನು ಹೊರಬಿಟ್ಟು 3,490ಕ್ಕೆ ಇಳಿಸಿಕೊಂಡೆ. ಅಂದಿನಿಂದ ಕೈಕಾಲು ತೊಳೆಯುವಷ್ಟು ನೀರನ್ನು ಮಾತ್ರ ಇಟ್ಟುಕೊಂಡು ಓಡಿಸಿ, ತಂಗುವಲ್ಲಿಗೆ ಹೋದ ಮೇಲೆ ಟ್ಯಾಂಕ್ ತುಂಬಿಸುವುದು ರೂಢಿಯಾಯಿತು. ಆಸ್ಟ್ರಿಯಾದ ಹೆದ್ದಾರಿಗೆ ಹತ್ತು ದಿನಗಳ ವಿನ್ಯೆಟ್, ಅಂದರೆ ಮುಂಗಡವಾಗಿ ಕೊಳ್ಳುವ ಹೆದ್ದಾರಿ ಶುಲ್ಕದ ಚೀಟಿ, ಸಾಕಾದದ್ದು ಕೂಡ ನಮ್ಮ ಗಾಡಿ 3,500 ಕಿಲೋ ಮಿತಿಯೊಳಗಿನದೆಂಬ ಕಾರಣಕ್ಕೆ. ಅದಕ್ಕಿಂತ ಹೆಚ್ಚಿನ ತೂಕಕ್ಕೆ ನೋಂದಾಯಿತವಾದ ಗಾಡಿಗಳು ಪ್ರತ್ಯೇಕ ಯಂತ್ರವನ್ನು ಅಳವಡಿಸಿಕೊಂಡು ಕಿಲೋಮೀಟರ್ ಲೆಕ್ಕದಲ್ಲಿ ಸುಂಕ ಕೊಡಬೇಕು.

1935ರಲ್ಲಿ ಸಂಚಾರಕ್ಕೆ ತೆರೆದ ಗ್ರಾಸ್‌ಗ್ಲಾಕ್ನರ್ ರಸ್ತೆಯ ಉದ್ದ ಸುಮಾರು 48 ಕಿಲೋಮೀಟರ್. ಅದರಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಏರು ಹೆಚ್ಚೆಂದರೆ ನೂರು ಮೀಟರಿಗೆ ಹನ್ನೆರಡು ಮೀಟರ್. ಬೈಕುಗಳ ಸಾಲು ಸಾಲು ಹಿಂಡು ಬರುವ ಮೊದಲೇ ಹತ್ತಿಬಿಡಬೇಕೆಂದು ಬೆಳಗಿನ ಆರೂವರೆಗೆ ಹೊರಟೆವು. ಪ್ರತಿ ತಿರುವಿನಲ್ಲೂ ಅದರ ಸಂಖ್ಯೆ ಮತ್ತು ಎತ್ತರವನ್ನು ಬರೆದ ಫಲಕವಿದ್ದು, ಮಕ್ಕಳು ಅದನ್ನು ಗಟ್ಟಿಯಾಗಿ ಓದುತ್ತ ಕುಳಿತಿದ್ದರಿಂದ ನನಗೆ ಏರಿನ ಲೆಕ್ಕ ತಾನಾಗಿ ಸಿಗುತ್ತಿತ್ತು. ಏಳು ಮೀಟರಿನ ಗಾಡಿಯಲ್ಲಿ ಹಿಂದಿನ ಚಕ್ರದ ಆಚೆಗೂ ಎರಡು ಮೀಟರ್ ಮೈ ಚಾಚಿಕೊಂಡಿರುತ್ತದೆ. ತಿರುಗಿಸುವಾಗ ಆ ಬಾಲ ಎದುರು ದಿಕ್ಕಿಗೆ ಬೀಸುವುದರಿಂದ ಬದಿಯ ಕಲ್ಲುಗೋಡೆಯ ಮೇಲೆ ಒಂದು ಕಣ್ಣು ಇಟ್ಟಿರಲೇಬೇಕು. ಎಡೆಲ್‌ವೈಸ್‌ಸ್ಪಿಟ್ಸೆ ಎಂಬ ನೆತ್ತಿಗೆ ಹೋಗುವ ಕಿರಿದಾದ ಕಲ್ಲುಹಾಸಿನ ರಸ್ತೆಗೆ ಮೋಟರ್‌ಹೋಮ್‌ಗಳನ್ನು ಬಿಡುವುದಿಲ್ಲ. ಗಾಡಿಯನ್ನು ಕೆಳಗೆ ನಿಲ್ಲಿಸಿ ನಡೆದೇ ಹತ್ತಿದೆವು.

ತಪ್ಪಾದದ್ದು ಇಳಿಯುವಾಗ. ನಾನು ಹುಟ್ಟಿ ಬೆಳೆದದ್ದು ಕೊಟ್ಟಿಗೆಹಾರದ ಬಳಿ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಚಾರ್ಮಾಡಿ ಘಾಟಿಯ ಲಾರಿ ಚಾಲಕರ ಮಾತನ್ನು ಕೇಳುತ್ತಲೇ ದೊಡ್ಡವನಾದವನು. ಆದರೂ 2,504 ಮೀಟರ್ ಎತ್ತರದ ಹೊಖ್‌ಟೋರ್ ಸುರಂಗವನ್ನು ದಾಟಿ ಹೈಲಿಗೆನ್‌ಬ್ಲೂಟ್ ಊರಿನ ಕಡೆಗೆ ಇಳಿಯತೊಡಗಿದಾಗ, ಆಟೊಮ್ಯಾಟಿಕ್ ಗೇರು ತನ್ನ ಕೆಲಸ ತಾನು ನೋಡಿಕೊಳ್ಳುತ್ತದೆಂದು ನಂಬಿ ಲಿವರನ್ನು ಡಿ ಸ್ಥಾನದಲ್ಲೇ ಬಿಟ್ಟು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ನಾಲ್ಕೈದು ತಿರುವು ಇಳಿದೆ. ಸುಟ್ಟ ವಾಸನೆಯನ್ನು ಮೊದಲು ಗುರುತಿಸಿದವಳು ನನ್ನ ಹೆಂಡತಿ. ಒಲೆಯ ಮೇಲೇನಾದರೂ ಬಿಟ್ಟಿದ್ದೀರಾ ಎಂದು ಆಕೆ ಕೇಳುವಷ್ಟರಲ್ಲಿ ಪೆಡಲ್ ಎಂದಿಗಿಂತ ಕೆಳಕ್ಕೆ ಹೋಗತೊಡಗಿತ್ತು. ಅದೃಷ್ಟಕ್ಕೆ ಮುಂದಿನ ತಿರುವಿನಲ್ಲೇ ಗಾಡಿ ನಿಲ್ಲಿಸುವ ಜಾಗವಿತ್ತು. ಚಕ್ರಗಳಿಗೆ ಅಡ್ಡಕೊಟ್ಟು ಇಳಿದು ನೋಡಿದರೆ ಮುಂಚಕ್ರದ ಹತ್ತಿರ ಕೈಯೊಡ್ಡಲಾಗದಷ್ಟು ಶಾಖ ಬರುತ್ತಿತ್ತು. ಕಾದ ಬ್ರೇಕಿಗೆ ನೀರು ಹಾಕಿದರೆ ಡಿಸ್ಕ್ ಸೊಟ್ಟಗಾಗುವ, ಬಿರಿಯುವ ಭಯವಿರುವುದರಿಂದ ಮಗನು ತಂದ ಬಾಟಲಿಯನ್ನು ಹಿಂದಕ್ಕೆ ಕಳಿಸಿ, ಮುಕ್ಕಾಲು ಗಂಟೆ ಸುಮ್ಮನೆ ಕುಳಿತೆವು. ಆಮೇಲೆ ಗೇರನ್ನು ಕೈಯಿಂದಲೇ ಎರಡಕ್ಕೆ ಇಳಿಸಿ, ವೇಗವನ್ನು ಎಂಜಿನ್ನಿನ ಹಿಡಿತಕ್ಕೆ ಬಿಟ್ಟು, ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ಪೂರ್ತಿ ಬಿಟ್ಟುಬಿಡುವ ಹಳೆಯ ಕ್ರಮಕ್ಕೆ ಮರಳಿದೆ. ಎಂಜಿನ್ ಊಳಿಡುತ್ತದೆ, ಹಿಂದಿನ ಕಾರಿನವರಿಗೆ ತಾಳ್ಮೆ ತಪ್ಪುತ್ತದೆ. ಜಾಗ ಸಿಕ್ಕಲ್ಲಿ ಬದಿಗೆ ಸರಿದು ಅವರನ್ನು ಮುಂದೆ ಬಿಟ್ಟರಾಯಿತು.

ರಾತ್ರಿಗಳನ್ನು ಕ್ಯಾಂಪ್‌ಸೈಟ್‌ಗಳಲ್ಲಿಯೇ ಕಳೆದೆವು. ಡೊಬ್ಬಿಯಾಕೊ ಸಮೀಪದ ಒಂದರಲ್ಲಿ ನಮ್ಮ ಪಾಲಿಗೆ ಬಂದದ್ದು ಆರು ಆಂಪಿಯರ್ ವಿದ್ಯುತ್ತು, ಅಂದರೆ 1,400 ವಾಟ್‌ಗಿಂತ ಕಡಿಮೆ. ಎರಡು ಸಾವಿರ ವಾಟಿನ ಕೆಟಲ್ ಹಾಕಿದ ಕೂಡಲೇ ಫ್ಯೂಸ್ ಹಾರಿ, ಅದನ್ನು ಮತ್ತೆ ಹಾಕಿಸಲು ಕಚೇರಿಯವರೆಗೆ ನಡೆಯಬೇಕಾಯಿತು. ಕಾಫಿಯ ನೀರೂ ಗ್ಯಾಸ್ ಒಲೆಗೇ ಹೋಯಿತು. ಫ್ರಿಜ್ಜಿನದು ಇನ್ನೊಂದು ಕಥೆ. ಈ ಗಾಡಿಗಳಲ್ಲಿ ಸಾಮಾನ್ಯವಾಗಿರುವ, ಗ್ಯಾಸಿನಲ್ಲೂ ನಡೆಯುವ ಫ್ರಿಜ್ಜಿಗೆ ನೆಲ ಸಮತಟ್ಟಾಗಿರಬೇಕು, ಓರೆಯಾಗಿ ನಿಲ್ಲಿಸಿದರೆ ತಣ್ಣಗಾಗುವುದಿಲ್ಲ. ಮೊದಲ ರಾತ್ರಿ ಗಾಡಿಯನ್ನು ಸಮತಟ್ಟಾಗಿಸಲು ಚಕ್ರದಡಿಗೆ ಮೆಟ್ಟಿಲು ದಿಂಡನ್ನು ಕೊಡದ ಸೋಮಾರಿತನಕ್ಕೆ ಒಂದು ಡಬ್ಬ ಮೊಸರು ಬಲಿಯಾಯಿತು.

ಅಡುಗೆಯಲ್ಲಿ ಕೈಹಿಡಿದದ್ದು ಮನೆಯಿಂದ ತಂದ ಮೂರು ಲೀಟರಿನ ಕುಕ್ಕರ್. 1,750 ಮೀಟರ್ ಎತ್ತರದ ಮಿಸುರಿನಾ ಸರೋವರದ ದಡದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುವುದರಿಂದ, ತೆರೆದ ಪಾತ್ರೆಯಲ್ಲಿಟ್ಟ ತೊಗರಿಬೇಳೆ ಒಂದು ಗಂಟೆಯಾದರೂ ಕಾಳು ಕಾಳಾಗಿಯೇ ಉಳಿದಿತ್ತು. ಕುಕ್ಕರಿಗೆ ಸುರಿದು ಮೂರರ ಬದಲು ಐದು ಕೂಗು ಕೂಗಿಸಿದ ಮೇಲೆ ಸಾರಿನ ಹದಕ್ಕೆ ಬಂತು. ಮೊದಲ ಕೂಗಿಗೇ ಪಕ್ಕದ ಗಾಡಿಯ ಡಚ್ ಅಜ್ಜ, ನಮ್ಮ ಸಿಲಿಂಡರ್ ಸೋರುತ್ತಿದೆಯೆಂದು ಎದ್ದು ಬಂದರು. ಬಂದವರು ಒಂದು ಲೋಟ ತಿಳಿಸಾರು ಕುಡಿದುಕೊಂಡೇ ಹೋದರು. ಮಧ್ಯಾಹ್ನದ ಮೇಲೆ ಇಲ್ಲಿ ಗುಡುಗು ಮಳೆ ಹೇಳದೆ ಕೇಳದೆ ಬರುತ್ತದೆ, ಎಲ್ಲಿಗೆ ಹೊರಟರೂ ಚಪ್ಪರ ಸುತ್ತಿಟ್ಟೇ ಹೋಗಿ ಎಂದು ಅವರು ಹೇಳಿದ ಮಾತನ್ನು ಪಾಲಿಸಿದ್ದರಿಂದ, ಮರುದಿನ ಮೂರು ಗಂಟೆಗೆ ಎದ್ದ ಗಾಳಿಯಲ್ಲಿ ನಮ್ಮ ಚಪ್ಪರ ಉಳಿಯಿತು. ಎದುರು ಸಾಲಿನ ಒಂದು ಚಪ್ಪರ ಬೇಲಿಯ ಮೇಲೆ ಬಿದ್ದಿತ್ತು.

ಹಿಂದಿರುಗುವಾಗ 2,105 ಮೀಟರಿನ ಫಾಲ್ಜಾರೆಗೊ ಘಾಟಿಯನ್ನು ಎರಡನೆಯ ಗೇರಿನಲ್ಲಿ ಹತ್ತಿ, ಎರಡರಲ್ಲೇ ಇಳಿದೆ, ವಾಸನೆ ಬರಲಿಲ್ಲ. ಮೂಲ ಯೋಜನೆಯಲ್ಲಿ ಸ್ಟೆಲ್ವಿಯೊ ಘಾಟಿಯೂ ಇತ್ತು. 2,757 ಮೀಟರ್ ಎತ್ತರಕ್ಕೆ ಪ್ರಾಟೊ ಕಡೆಯಿಂದ 48 ತಿರುವುಗಳು, ಏಳು ಮೀಟರ್ ಗಾಡಿ, ಜುಲೈ ತಿಂಗಳ ಜನಸಂದಣಿ. ಬ್ರೆನ್ನರ್ ದಾರಿಯ ಬ್ರಿಕ್ಸೆನ್ ಪಟ್ಟಣದಲ್ಲಿ ಮಲಗುವ ಮುನ್ನ ನಕ್ಷೆಯನ್ನು ಮಡಚಿಟ್ಟು, ಬೆಳಿಗ್ಗೆ ಬ್ರೆನ್ನರ್ ಹೆದ್ದಾರಿಗೆ ವಿನ್ಯೆಟ್ಟಿನ ಹೊರತಾಗಿ ಕೊಡಬೇಕಾದ ಸುಂಕಕ್ಕೆ ಚಿಲ್ಲರೆಯನ್ನು ಎತ್ತಿಟ್ಟುಕೊಂಡೆ.