ಮಾರುತಿ ಈಕೋ ವ್ಯಾನಿಗೆ 48 ಸಾವಿರ ಕಳ್ಕೊಂಡೆ, ಆಮೇಲೆ ಈಕೋನ ಆನ್‌ಲೈನಲ್ಲೇ ಹುಡುಕಿ ತಗೊಂಡೆ – ನನ್ನ ಅನುಭವ

ಎರಡನೇ ಸಲ ಆನ್‌ಲೈನಲ್ಲೇ ಗಾಡಿ ಹುಡುಕ್ತೀನಿ ಅಂದಾಗ ಮನೇಲಿ ಒಬ್ರೂ ಒಪ್ಪಲಿಲ್ಲ. ಭಾವಮೈದ ಅಂತೂ "ಭಾವ, ಒಂದ್ಸಲ ಆಗಿದ್ದು ಸಾಕಾಗ್ಲಿಲ್ವಾ ನಿಮಗೆ" ಅಂತ ಎಲ್ಲರ ಮುಂದೇನೇ ಕೇಳ್ದ. ಈಗ ಗಾಡಿ ಮನೆ ಮುಂದೆ ನಿಂತು ಎಂಟು ತಿಂಗಳಾಯ್ತು, ಆರ್‌ಸಿ ನನ್ನ ಹೆಸರಲ್ಲಿದೆ, 14 ಸಾವಿರ ಕಿಲೋಮೀಟರ್ ಓಡಿಸಿದೀನಿ, ಅದಕ್ಕೇ ಧೈರ್ಯವಾಗಿ ಬರೀತಿದೀನಿ.

ಮೊದ್ಲು ಕಳ್ಕೊಂಡ ಕಥೆ. 2023ರ ಮಳೆಗಾಲ. ತಿಪಟೂರಲ್ಲಿ ನಮ್ದು ದೋಸೆ ಹಿಟ್ಟು, ಚಪಾತಿ ಸಪ್ಲೈ. ಬೈಕ್ ಹಿಂದೆ ಕ್ರೇಟ್ ಕಟ್ಕೊಂಡು ಅಂಗಡಿಗಳಿಗೆ ಹಾಕ್ತಿದ್ದೆ, ಮಳೆ ಬಂದ್ರೆ ಪ್ಯಾಕೆಟ್ ಎಲ್ಲಾ ಒದ್ದೆ, ಅಂಗಡಿಯವ್ರು ವಾಪಸ್ ಕೊಡೋರು. ಒಂದು ಈಕೋ ಇದ್ರೆ ಅರಸೀಕೆರೆ, ತುರುವೇಕೆರೆವರೆಗೂ ಹೋಗ್ಬಹುದು ಅನ್ನೋ ಆಸೆ. ಆಗ ಐದಾರು ವರ್ಷದ ಈಕೋಗೆ ಮೂರು ಮೂರೂಕಾಲು ಲಕ್ಷ ಹೇಳ್ತಿದ್ರು. ಹಳೇ ಗಾಡಿ ಮಾರೋ ಆ್ಯಪಲ್ಲಿ ಒಂದು ಬಿಳಿ ಈಕೋ 1.45ಕ್ಕೆ ಕಾಣಿಸ್ತು. ಫೋನ್ ಮಾಡಿದ್ರೆ ಹಿಂದಿ, ಮಧ್ಯೆ ಮಧ್ಯೆ ಎರಡು ಕನ್ನಡ ಪದ. ಬೆಂಗಳೂರು ಏರ್‌ಪೋರ್ಟ್ ಸೆಕ್ಯೂರಿಟಿ ಡ್ಯೂಟಿ, ಜಮ್ಮುಗೆ ಟ್ರಾನ್ಸ್‌ಫರ್, ಗಾಡಿ ತಗೊಂಡು ಹೋಗಕ್ಕಾಗಲ್ಲ ಅಂದ. ಐಡಿ ಕಾರ್ಡ್, ಕ್ಯಾಂಟೀನ್ ಕಾರ್ಡ್, ಯೂನಿಫಾರ್ಮ್ ಫೋಟೋ ಎಲ್ಲಾ ವಾಟ್ಸಾಪಿಗೆ ಬಂತು. ನಮ್ಮ ದೊಡ್ಡಪ್ಪನ ಮಗ ಸೈನ್ಯದಲ್ಲಿದ್ದು ಬಂದವನು, ಆ ಡ್ರೆಸ್ಸು ನೋಡಿದ್ರೆ ನಮಗೆ ಗೌರವ, ಆ ಮೋಸಗಾರ ಹಿಡಿದಿದ್ದೇ ನಮ್ಮ ಆ ಜಾಗ.

ಎಲ್ಲಾ ದುಡ್ಡು ಒಂದೇ ಸಲ ಕೇಳಲ್ಲ ಈ ಜನ. ಮೊದ್ಲು 3,150, ಡೆಲಿವರಿ ಬುಕಿಂಗ್ ಅಂತ. ನನ್ನ ಹೆಸರು, ಅಡ್ರೆಸ್ ಹಾಕಿದ ಸೀಲ್ ಇರೋ ಸ್ಲಿಪ್ ಬಂತು, ಲಾರಿ ಮೇಲೆ ಪ್ಲಾಸ್ಟಿಕ್ ಸುತ್ತಿದ ಗಾಡಿ ಫೋಟೋ ಬಂತು. ಆಮೇಲೆ ಹನ್ನೊಂದೂವರೆ ಸಾವಿರ ಟ್ರಾನ್ಸ್‌ಪೋರ್ಟು. ಆಮೇಲೆ 15,999 ಜಿಪಿಎಸ್ ಡಿಪಾಸಿಟ್ಟು, "ಗಾಡಿ ಮುಟ್ಟಿದ ತಕ್ಷಣ ರಿಟರ್ನ್ ಆಗುತ್ತೆ". ಕೊನೇದು ಹದಿನೆಂಟು ಸಾವಿರ ಚಿಲ್ರೆ. ಪ್ರತಿ ಸಲ ಯುಪಿಐನಲ್ಲಿ ಬೇರೆ ಬೇರೆ ಹೆಸರು ತೋರಿಸ್ತಿತ್ತು, ಕೇಳಿದ್ರೆ ಅದು ಆಫೀಸ್ ಅಕೌಂಟೆಂಟ್ ಹೆಸರು ಅಂದ. ಅದ್ರಲ್ಲಿ ನಲವತ್ತು ಸಾವಿರ ನನ್ನ ಹೆಂಡ್ತಿ ಸ್ತ್ರೀಶಕ್ತಿ ಸಂಘದಲ್ಲಿ ಎತ್ತಿಕೊಟ್ಟಿದ್ದ ಸಾಲ.

ಕೊನೇ ದುಡ್ಡು ಹಾಕಿದ ದಿನ ಸಂಜೆ ಡ್ರೈವರ್ ಅಂತ ಇನ್ನೊಬ್ಬ ಫೋನ್ ಮಾಡ್ದ. ಕ್ಯಾತ್ಸಂದ್ರ ಟೋಲಲ್ಲಿ ಗಾಡಿ ನಿಲ್ಸಿದಾರೆ, ಇನ್ನೊಂದು 21 ಸಾವಿರ ಹಾಕಿ ಅಂದ. ನಾನು ಹಾಕದೆ ಬೈಕ್ ತಗೊಂಡು ಹೊರಟೆ, ಗುಬ್ಬಿ ದಾಟೋ ಹೊತ್ತಿಗೆ ಜೋರು ಮಳೆ. ಟೋಲ್ ಹತ್ರ ರಾತ್ರಿ ಒಂದು ಗಂಟೆವರೆಗೂ ಬಂದ ಪ್ರತಿ ಲಾರಿ ನೋಡ್ತಾ ನಿಂತಿದ್ದೆ. ಹನ್ನೆರಡರ ಹೊತ್ತಿಗೆ ಅವನ ಫೋನ್ ಸ್ವಿಚ್ ಆಫ್. ಆ ರಾತ್ರಿ ಮನೆಗೆ ಹೋಗಿ ಹೆಂಡ್ತಿಗೆ ಏನು ಹೇಳೋದು ಅನ್ನೋದೇ ತಲೇಲಿತ್ತು.

ಇಲ್ಲೇ ನಾನು ಮಾಡಿದ ದೊಡ್ಡ ತಪ್ಪು, ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಮಾರನೇ ದಿನ ಹತ್ತು ಗಂಟೆಗೆ. ಟೋಲಲ್ಲಿ ನಿಂತಿದ್ದಾಗಲೇ ಮಾಡಿದ್ರೆ ಕೊನೇ ಹದಿನೆಂಟು ಸಾವಿರನಾದ್ರೂ ಸಿಗ್ತಿತ್ತೇನೋ. ದುಡ್ಡು ಅಲ್ಲಿ ಒಂದು ಅಕೌಂಟಲ್ಲಿ ಕೂರಲ್ಲ, ಗಂಟೆಯೊಳಗೆ ಮೂರ್ನಾಲ್ಕು ಕೈ ದಾಟುತ್ತೆ. ಫೋನ್ ಮಾಡೋಕೆ ಮುಂಚೆ ಪ್ರತಿ ಪೇಮೆಂಟಿನ ಹನ್ನೆರಡು ಅಂಕಿ ಯುಟಿಆರ್ (ಪೇಮೆಂಟ್ ಗುರುತಿನ) ನಂಬರ್, ಟೈಮು, ಅಮೌಂಟು ಒಂದು ಹಾಳೇಲಿ ಬರ್ಕೊಂಡು ಕೂತ್ಕೊಳ್ಳಿ, ನಾನು ಫೋನ್ ಹಿಡ್ಕೊಂಡೇ ಸ್ಕ್ರೀನ್‌ಶಾಟ್ ಹುಡುಕ್ತಾ ಅರ್ಧ ಗಂಟೆ ಕಳೆದೆ. ಆಮೇಲೆ ಸೈಬರ್ ಕೇಸ್ ನೋಡೋ ಜಿಲ್ಲಾ ಸೆನ್ ಠಾಣೆ, ಎಫ್‌ಐಆರ್, ಓಡಾಟ. ಒಂದು ಅಕೌಂಟಲ್ಲಿ ಹನ್ನೊಂದು ಸಾವಿರದಷ್ಟು ಹೋಲ್ಡ್ ಆಗಿತ್ತು, ಅದು ಕೋರ್ಟ್ ಆರ್ಡರ್ ಆಗಿ ನನ್ನ ಕೈಗೆ ಬರೋಕೆ ಏಳೆಂಟು ತಿಂಗಳಾಯ್ತು. ಮಿಕ್ಕಿದ್ದು ಹೋಯ್ತು.

ಸಿಟ್ಟು ಇಳಿದ ಮೇಲೆ ಒಂದು ಕೆಲಸ ಮಾಡ್ದೆ. ಅವನು ಕಳ್ಸಿದ್ದ ಫೋಟೋಲಿದ್ದ ನಂಬರ್ ಪ್ಲೇಟ್‌ನ ಗಾಡಿ ವಿವರ ತೋರ್ಸೋ ಸರ್ಕಾರಿ ಆ್ಯಪ್ ಎಂ-ಪರಿವಾಹನ್‌ಗೆ ಹಾಕ್ದೆ. ಸ್ಕೂಟರ್ ಬಂತು. ಎರಡು ನಿಮಿಷದ ಕೆಲಸ, ಮೊದಲೇ ಮಾಡಿದ್ರೆ 48 ಸಾವಿರ ಉಳೀತಿತ್ತು. ಅಲ್ಲಿಂದ ಒಂದು ನೋಟ್‌ಬುಕ್ ಇಟ್ಟೆ. ರೇಟ್ ತೀರಾ ಕಮ್ಮಿ ಇರೋ ಆ್ಯಡ್ ಕಂಡ್ರೆ ಸಾಕು ಫೋನ್ ಮಾಡೋದು, ಏನು ಹೇಳ್ತಾರೆ ಅಂತ ಬರ್ಕೊಳ್ಳೋದು. ಇಪ್ಪತ್ತಕ್ಕೂ ಜಾಸ್ತಿ ಫೋನ್ ಮಾಡಿದೀನಿ, ಅದ್ರಲ್ಲಿ ಹದಿಮೂರೋ ಹದಿನಾಲ್ಕೋ ಜನ ಮೊದಲ ಮಾತಲ್ಲೇ ಜೈ ಹಿಂದ್ ಅಂದ್ರು. ಒಬ್ಬನಿಗೂ ವಿಡಿಯೋ ಕಾಲಲ್ಲಿ ಗಾಡಿ ಸ್ಟಾರ್ಟ್ ಮಾಡಿ ಹಾರ್ನ್ ಹೊಡೆದು ತೋರ್ಸೋಕೆ ಆಗ್ಲಿಲ್ಲ, ಪಾರ್ಕಿಂಗಲ್ಲಿದೆ, ಫೋನ್ ಒಳಗೆ ಬಿಡಲ್ಲ, ಬರೀ ಇದೇ. ಹಾರ್ನ್ ಜೊತೆಗೆ ಇನ್ನೊಂದು ಪ್ರಶ್ನೆ ಕೇಳ್ತೀನಿ, ನಿಜವಾದ ಓನರ್ ಅರ್ಧ ಸೆಕೆಂಡಲ್ಲಿ ಉತ್ತರ ಕೊಡ್ತಾನೆ, ಕಳ್ಳ ತಡವರಿಸ್ತಾನೆ. ಅದನ್ನ ಇಲ್ಲಿ ಬರೆಯಲ್ಲ, ಅವರೂ ಇದನ್ನ ಓದ್ತಾರೆ.

ಎರಡನೇ ಸುತ್ತು ಶುರು ಮಾಡಿದ್ದು 2025ರಲ್ಲಿ. ನನ್ನ ಲೆಕ್ಕ ಇಷ್ಟೇ: ಆ್ಯಪ್ ಇರೋದು ಫೋನ್ ನಂಬರ್ ಸಿಗೋಕೆ ಮಾತ್ರ. ಆರ್‌ಸಿ ಮೇಲಿನ ಹೆಸರು, ಎದುರಿಗೆ ನಿಂತವನ ಹೆಸರು, ಇನ್ಶೂರೆನ್ಸ್ ಪೇಪರಲ್ಲಿರೋ ಹೆಸರು, ದುಡ್ಡು ಹೋಗೋ ಅಕೌಂಟಿನ ಹೆಸರು, ಈ ನಾಲ್ಕೂ ಒಂದೇ ಆಗೋವರೆಗೂ ಒಂದು ರೂಪಾಯಿ ಕೊಡಲ್ಲ. ಕೇಳೋಕೆ ಸುಲಭ ಅನ್ಸುತ್ತೆ, ಇದ್ರಿಂದಾನೇ ಹತ್ತಕ್ಕೆ ಎಂಟು ಗಾಡಿ ಕೈಬಿಟ್ಟು ಹೋಗುತ್ತೆ.

ಬೆಂಗಳೂರಲ್ಲಿ ಒಂದು, ಗಾಡಿ ಚೆನ್ನಾಗಿತ್ತು, ಮುಟ್ಟಿ ನೋಡ್ದೆ, ಆದ್ರೆ ಆರ್‌ಸಿಲಿ ಇನ್ನೂ ಎಚ್‌ಪಿ, ಅಂದ್ರೆ ಗಾಡಿ ಮೇಲೆ ಸಾಲ ಇದೆ ಅನ್ನೋ ನಮೂದು ಇತ್ತು. ಲೋನ್ ಮುಗ್ದಿದೆ, ಮುಂದಿನ ವಾರ ಬಾಕಿ ಇಲ್ಲ ಅನ್ನೋ ಎನ್‌ಓಸಿ ಬರುತ್ತೆ, ಹತ್ತು ಸಾವಿರ ಅಡ್ವಾನ್ಸ್ ಕೊಡಿ ಅಂದ್ರು. ಫೈನಾನ್ಸ್‌ನವರ ಎನ್‌ಓಸಿ, ಎಚ್‌ಪಿ ತೆಗೆಸೋ ಫಾರಂ 35 ಕೈಗೆ ಬರ್ಲಿ, ಆಮೇಲೆ ಬರ್ತೀನಿ ಅಂತ ವಾಪಸ್ ಬಂದೆ, ಆಮೇಲೆ ಫೋನೇ ಎತ್ತಲಿಲ್ಲ. ಮೈಸೂರಲ್ಲಿ ಒಂದು ಓಪನ್ ಫಾರಂ ಗಾಡಿ, ಗಾಡಿ ಹೆಸರು ಬದಲಾಯಿಸೋ ಫಾರಂ 29, 30ಕ್ಕೆ ಹಳೇ ಓನರ್ ಸಹಿ ಹಾಕಿ ಬಿಟ್ಟು ಹೋಗಿದಾನೆ, ಮಾರ್ತಿರೋನು ಮೂರನೇ ಕೈ. ಇಂಥದ್ದು ತಗೊಂಡು ಓಡಿಸೋರು ಬೇಕಾದಷ್ಟು ಜನ ಇದಾರೆ, ನಾನು ಮುಟ್ಟಲ್ಲ. ಚನ್ನರಾಯಪಟ್ಟಣದ ಹತ್ರ ಒಂದು ನೋಡಿದ್ದು ಸ್ಕೂಲ್ ಮಕ್ಕಳನ್ನ ಕರ್ಕೊಂಡು ಓಡಾಡಿದ ಗಾಡಿ, ಮೀಟರ್ 48 ಸಾವಿರ ತೋರಿಸ್ತಿತ್ತು, ಸರ್ವಿಸ್ ಸ್ಟೇಷನಲ್ಲಿ ವಿಚಾರಿಸಿದ್ರೆ ಎರಡು ವರ್ಷದ ಹಿಂದೇನೇ 90 ದಾಟಿದೆ. ಬಸ್ ಚಾರ್ಜು, ಊಟ, ಜೊತೆಗೆ ಕರ್ಕೊಂಡು ಹೋದ ಮೆಕ್ಯಾನಿಕ್ಕಿಗೆ ಸಲಕ್ಕೆ ಎಂಟುನೂರು, ಹೀಗೆ ಆರೇಳು ಸಾವಿರ ಬರೀ ನೋಡೋಕೇ ಆಯ್ತು. ಭಾವಮೈದ ಇದಕ್ಕೂ ಮಾತಾಡ್ದ. ನನಗೆ ಮಾತ್ರ ಆ ದುಡ್ಡು ಹೋಯ್ತು ಅಂತ ಒಂದು ದಿನಾನೂ ಅನ್ಸಿಲ್ಲ.

ಇನ್ಶೂರೆನ್ಸ್ ಪೇಪರ್ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾರೂ ಇದನ್ನ ಸರಿಯಾಗಿ ಓದಲ್ಲ. ಪಾಲಿಸಿ ಫೋಟೋ ಮೊದಲೇ ತರಿಸ್ಕೊಳ್ಳಿ. ಎನ್‌ಸಿಬಿ, ಅಂದ್ರೆ ಕ್ಲೇಮ್ ಮಾಡದೆ ಇದ್ದಿದ್ದಕ್ಕೆ ಕೊಡೋ ರಿಯಾಯ್ತಿ, ಎಷ್ಟಿದೆ ನೋಡಿ. ಕ್ಲೇಮ್ ಇಲ್ಲದೆ ವರ್ಷ ವರ್ಷ 20, 25, 35, 45, 50 ಪರ್ಸೆಂಟ್ ಅಂತ ಏರುತ್ತೆ, ಒಂದು ಕ್ಲೇಮ್ ಆದ್ರೆ ಸೊನ್ನೆಗೆ ಬೀಳುತ್ತೆ. ಏಳು ವರ್ಷದ ಗಾಡಿ, ಫುಲ್ ಇನ್ಶೂರೆನ್ಸ್ ಬಿಡದೆ ಕಟ್ಟಿದೀವಿ ಅಂತಾರೆ, ಎನ್‌ಸಿಬಿ 20 ಇದೆ ಅಂದ್ರೆ ಹೋದ ವರ್ಷದ ಹಿಂದೆ ಏನೋ ಆಗಿದೆ, ಏನಾಯ್ತು ಅಂತ ಕೇಳಿ. ಇದ್ರಿಂದ ಒಂದು ಗಾಡಿಯ ಮುಂದಿನ ಭಾಗ ಪೂರ್ತಿ ಬದಲಾಗಿದ್ದು ಮನೇಲಿ ಕೂತೇ ಪತ್ತೆ ಹಚ್ಚಿದೆ. ಗುದ್ದಿದ ಜಾಗಕ್ಕೆ ಪುಟ್ಟಿ ಮೆತ್ತಿದಾರಾ ಅಂತ ನೋಡೋಕೆ ಫ್ರಿಜ್ ಮ್ಯಾಗ್ನೆಟ್ ಕೂಡ ಟ್ರೈ ಮಾಡ್ದೆ, ದಪ್ಪ ಪುಟ್ಟಿ ಹಾಕಿದ್ರೆ ಅಂಟಲ್ಲ, ತೆಳ್ಳಗೆ ಹಾಕಿದ್ರೆ ಅಂಟ್ಕೊಂಡುಬಿಡುತ್ತೆ, ನಂಬೋಕಾಗಲ್ಲ. ಅದಕ್ಕಿಂತ ಯಾವಾಗ ತಯಾರಾಗಿದ್ದು ಅಂತ ಹೇಳೋ ಗಾಜಿನ ಮೇಲಿನ ಗುರುತು, ಸೀಟ್ ಬೆಲ್ಟ್ ಕೊನೇಲಿರೋ ಚೀಟಿ, ಟೈರ್ ಮೇಲಿನ ನಾಲ್ಕು ಅಂಕಿ ನೋಡೋದು ವಾಸಿ. ಆನ್‌ಲೈನಲ್ಲಿ ಸಾವಿರ ರೂಪಾಯಿ ಒಳಗೆ ಸಿಗೋ, ಗಾಡಿಗೆ ಸಿಕ್ಕಿಸಿ ಇಂಜಿನ್ ತೊಂದರೆ ಓದೋ ಓಬಿಡಿ ಸ್ಕ್ಯಾನರ್ ಒಂದು ತಗೊಂಡಿದ್ದೆ, ಎರಡು ಗಾಡಿಗೆ ಕನೆಕ್ಟ್ ಆಯ್ತು, ಆಮೇಲೆ ಕೆಟ್ಟೋಯ್ತು, ಅದನ್ನ ಬಿಟ್ಟಾಕಿ.

ಕೊನೆಗೆ ಸಿಕ್ಕಿದ್ದು ಹಾಸನದ ಕಡೆ, ರಿಟೈರ್ಡ್ ಮೇಷ್ಟ್ರು ಒಬ್ರದ್ದು, 2018ರ ಐದು ಸೀಟಿನ ಎಸಿ ಈಕೋ, 61 ಸಾವಿರ ಕಿಲೋಮೀಟರ್. 3.55 ಹೇಳಿದ್ರು. ವಿಡಿಯೋ ಕಾಲಲ್ಲಿ ಹಾರ್ನ್ ಹೊಡೀರಿ ಸಾರ್ ಅಂದ ತಕ್ಷಣ ಪಾಪ ಮಳೇಲಿ ಛತ್ರಿ ಹಿಡ್ಕೊಂಡು ಹೋಗಿ ಹೊಡೆದ್ರು. ನಾನು ಯಾಕೆ ಇಷ್ಟೆಲ್ಲಾ ಕೇಳ್ತಿದೀನಿ ಅಂತ ಹೇಳಿದ್ಮೇಲೆ "ಕೇಳಪ್ಪ, ಏನು ಬೇಕೋ ಎಲ್ಲಾ ಕೇಳು" ಅಂದ್ರು. ಸ್ಲೈಡಿಂಗ್ ಡೋರ್ ಬೇರಿಂಗ್ ಹೋಗಿತ್ತು, ಎರಡು ಟೈರ್ ಮುಗಿದಿತ್ತು, ಅದನ್ನ ಹಿಡ್ಕೊಂಡು 3.32ಕ್ಕೆ ಮುಗಿಸ್ದೆ. ಎರಡು ಚಲನ್ ಬಾಕಿ ಇತ್ತು, ನನ್ನೆದುರೇ ಕಟ್ಟಿದ್ರು.

ದುಡ್ಡು ಕೊಟ್ಟ ಕ್ರಮ ಹೀಗೆ. ಮೊದ್ಲು ಅವರ ಮನೇಲೇ ಕೂತು ಒಂದು ರೂಪಾಯಿ ಹಾಕ್ದೆ, ಅವರದೇ ಹೆಸರು ಬಂತು, ಆಮೇಲೆ ಐದು ಸಾವಿರ ಟೋಕನ್. ಮಿಕ್ಕಿದ್ದನ್ನ ಟ್ರಾನ್ಸ್‌ಫರ್ ಅರ್ಜಿ ಹಾಕೋ ದಿನಕ್ಕೆ ಇಟ್ಕೊಂಡೆ. ಪರಿವಾಹನ್‌ನಲ್ಲಿ ಅರ್ಜಿ ಹಾಕ್ವಾಗ ಒಟಿಪಿ ಹೋಗೋದು ರಿಜಿಸ್ಟರ್ ಆಗಿರೋ ಓನರ್ ನಂಬರಿಗೆ, ಆ ಮೆಸೇಜ್ ಅವರ ಫೋನಲ್ಲಿ ಟಿಂಗ್ ಅಂದಾಗ ನನಗೆ ಎದೆ ಹಗುರ ಆಯ್ತು. ಆಮೇಲೆ ಇಬ್ರೂ ಅವರ ಬ್ಯಾಂಕಿಗೇ ಹೋಗಿ ಆರ್‌ಟಿಜಿಎಸ್. ಗಾಡಿ ಕೈಗೆ ಬಂದ ತಾರೀಖು ಮಾತ್ರ ಅಲ್ಲ, ಟೈಮೂ ಬರೆದು ಡೆಲಿವರಿ ಪೇಪರಿಗೆ ಇಬ್ರೂ ಸಹಿ, ಅವತ್ತು ಸಂಜೆ ಏನಾದ್ರೂ ಆಕ್ಸಿಡೆಂಟ್ ಆದ್ರೆ ಮೇಷ್ಟ್ರು ತಲೆ ಮೇಲೆ ಬರಬಾರದಲ್ಲ. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನ ಟೈಮ್ ಇರೋದು, ಅದನ್ನೂ ಅದೇ ವಾರ ಮಾಡಿಸ್ದೆ.

ಡೋರು, ಟೈರು, ಸರ್ವಿಸ್ ಸೇರಿ ಇನ್ನೊಂದು ಹತ್ತೊಂಬತ್ತು ಸಾವಿರ ಬಿತ್ತು. ಸಂಘದ ಸಾಲದ ಕೊನೇ ಕಂತು ಹೋದ ತಿಂಗಳು ಕಟ್ಟಿದ್ವಿ, ಈಕೋ ದುಡಿಮೇಲೇ. ಹೋದ ಭಾನುವಾರ ಭಾವಮೈದ ಒಂದು ಸ್ವಿಫ್ಟ್ ಆ್ಯಡ್ ಕಳ್ಸಿ "ಭಾವ, ಇದನ್ನ ಒಂದ್ಸಲ ವಿಚಾರಿಸ್ತೀರಾ" ಅಂದ. ಫೋನ್ ಮಾಡ್ದೆ. ಹಾರ್ನ್ ಹೊಡೆದ್ರು, ನನ್ನ ಇನ್ನೊಂದು ಪ್ರಶ್ನೆಗೂ ಉತ್ತರ ಕೊಟ್ರು, ಪಾಲಿಸಿ ಫೋಟೋ ಮಾತ್ರ ಇನ್ನೂ ಬಂದಿಲ್ಲ.