ಮೊದಲು ಮಾಲು ತೂಗಿ, ಆಮೇಲೆ ಲಾರಿ ನೋಡಿ

ಹುಬ್ಬಳ್ಳಿಯಲ್ಲಿ ಟೈಲ್ಸ್ ವ್ಯಾಪಾರ ಮಾಡುವ ನನ್ನ ಪರಿಚಿತರೊಬ್ಬರು ಇಪ್ಪತ್ತು ಅಡಿ ಬಾಡಿಯ ಹೊಸ ಲಾರಿ ಕೊಂಡು, ಪೂಜೆ ಮಾಡಿಸಿ, ಮೊದಲ ಲೋಡು ಹೊರಡುವ ದಿನ ನನ್ನನ್ನೂ ಗೋದಾಮಿಗೆ ಕರೆದಿದ್ದರು. ಹಮಾಲರು ಪೆಟ್ಟಿಗೆಗಳನ್ನು ನಿಲ್ಲಿಸಿ, ಕ್ಯಾಬಿನ್ನಿನ ಹಿಂಗೋಡೆಗೆ ಒತ್ತರಿಸಿ ಜೋಡಿಸುತ್ತ ಬಂದರು. ಸಾಲಿನ ಎತ್ತರ ಮೊಣಕಾಲಿಗಿಂತ ತುಸು ಮೇಲಿತ್ತು, ಉದ್ದ ಬಾಡಿಯ ಅರ್ಧವನ್ನೂ ಮುಟ್ಟಿರಲಿಲ್ಲ. ಅಷ್ಟರಲ್ಲಿ ಲಾರಿಯ ಪಾಸಿಂಗ್, ಅಂದರೆ ಕಾನೂನು ಪ್ರಕಾರ ಅದು ಹೊರಬಹುದಾದ ಮಾಲಿನ ತೂಕ, ಮುಗಿದಿತ್ತು. ಖಾಲಿ ಉಳಿದ ಜಾಗಕ್ಕೆ ಕೊಟ್ಟ ಹಣ, ಅದನ್ನು ಸುತ್ತುವರಿದ ಕಬ್ಬಿಣದ ತೂಕ, ಆ ತೂಕವನ್ನು ಪ್ರತಿ ಟ್ರಿಪ್ಪಿನಲ್ಲೂ ಎಳೆಯಲು ಸುಡುವ ಡೀಸೆಲ್, ಈ ಮೂರೂ ನಷ್ಟದ ಬಾಬ್ತೇ. ಇದೇ ತಪ್ಪನ್ನು ಹಲವರು ಹಲವು ಬಗೆಯಲ್ಲಿ ಮಾಡುವುದನ್ನು ಕಂಡಿರುವುದರಿಂದ, ವ್ಯಾಪಾರಕ್ಕೆಂದು ಮಧ್ಯಮ ಲಾರಿ ಕೊಳ್ಳುವವರು ಯಾವ ಕ್ರಮದಲ್ಲಿ ಯೋಚಿಸಬೇಕೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಗೋದಾಮಿನಿಂದ ಆರಂಭಿಸಿ

ಷೋರೂಮಿಗೆ ಹೋಗುವ ಮೊದಲು ಕಳೆದ ಮೂರು ತಿಂಗಳ ಬಿಲ್ಲುಗಳನ್ನು ತೆಗೆದು, ಯಾವ ದಿನ, ಯಾವ ಊರಿಗೆ, ಎಷ್ಟು ಕಿಲೋ ಮಾಲು ಹೋಯಿತೆಂದು ಪಟ್ಟಿ ಮಾಡಿ. ವಾರದ ಹೆಚ್ಚಿನ ದಿನಗಳಲ್ಲಿ ಹೋಗುವ ಲೋಡಿಗೆ ತಕ್ಕ ಲಾರಿ ಬೇಕೇ ಹೊರತು, ದೀಪಾವಳಿ ವಾರದ ಲೋಡಿಗೆ ತಕ್ಕದ್ದಲ್ಲ. ಆ ಒಂದು ವಾರಕ್ಕೆ ಬಾಡಿಗೆ ಗಾಡಿ ಸಿಗುತ್ತದೆ. ಟೈಲ್ಸ್, ಸಿಮೆಂಟ್, ಅಕ್ಕಿಯಂಥ ಮಾಲಿಗೆ ಮೊದಲು ಮುಗಿಯುವುದು ಲಾರಿಯ ಪಾಸಿಂಗ್. ಮಂಡಕ್ಕಿ, ಹಾಸಿಗೆ, ಪ್ಲಾಸ್ಟಿಕ್ ಕೊಡಗಳಿಗೆ ಮೊದಲು ಮುಗಿಯುವುದು ಜಾಗ. ಮೊದಲನೆಯ ಬಗೆಯವರು ಗಿಡ್ಡ ಬಾಡಿಯನ್ನೂ ಹೆಚ್ಚು ಪಾಸಿಂಗನ್ನೂ, ಎರಡನೆಯ ಬಗೆಯವರು ಕಡಿಮೆ ಪಾಸಿಂಗಿನ ಉದ್ದ ಬಾಡಿಯನ್ನೂ ಹುಡುಕಬೇಕು.

ಹೆಜ್ಜೆ 2: ಯಾವ ತೂಕದ ವರ್ಗ?

ಮೋಟಾರು ವಾಹನ ಕಾಯ್ದೆಯ ಪ್ರಕಾರ ಲೋಡು ಸೇರಿದ ಒಟ್ಟು ತೂಕ 7,500 ಕೆ.ಜಿ.ವರೆಗಿನದು ಲಘು ವಾಹನ, 12,000 ಕೆ.ಜಿ. ದಾಟಿದ್ದು ಭಾರಿ ಸರಕು ವಾಹನ, ನಡುವಿನದು ಮಧ್ಯಮ. ಮಾರುಕಟ್ಟೆಯಲ್ಲಿ ಮಾತ್ರ ಈ ಗೆರೆಯ ಆಚೆ ಈಚೆ ಇರುವ ಎಲ್ಲವನ್ನೂ ನಮ್ಮ ಜನ ಕ್ಯಾಂಟರ್ ಎಂದೇ ಕರೆಯುತ್ತಾರೆ. 1980ರ ದಶಕದಲ್ಲಿ ಐಷರ್ ಕಂಪನಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ತಂದ ಮಾದರಿಯ ಹೆಸರು ಇಡೀ ಜಾತಿಗೇ ಅಂಟಿಕೊಂಡಿದೆ. ಹಲವು ಮಾದರಿಗಳ ಒಟ್ಟು ತೂಕ 7,490 ಕೆ.ಜಿ. ಎಂದಿರುವುದು ಆಕಸ್ಮಿಕವಲ್ಲ. ಲಘು ವಾಹನದ ಲೈಸೆನ್ಸ್ ಇರುವವರು 7,500 ಕೆ.ಜಿ.ವರೆಗಿನ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮತಿಯಿಲ್ಲದೆ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ವಿಮೆಯಲ್ಲೂ ಇದೇ ಗೆರೆ ಇದೆ: 2022ರ ಜೂನ್‌ನಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 7,500 ಕೆ.ಜಿ.ವರೆಗಿನ ಸರಕು ವಾಹನದ ಥರ್ಡ್ ಪಾರ್ಟಿ ಕಂತು 16,049 ರೂಪಾಯಿ, ಅದರಿಂದ 12,000 ಕೆ.ಜಿ.ವರೆಗೆ 27,186 ರೂಪಾಯಿ. ಆದ್ದರಿಂದ ಚಾಲಕರು ಸಿಗುವುದೇ ಕಷ್ಟವಿರುವ ಊರಿನಲ್ಲಿದ್ದು, ನಿಮ್ಮ ದಿನದ ಲೋಡು ಮೂರೂವರೆ ಟನ್ನಿನೊಳಗೆ ಇದ್ದರೆ ಈ ಗೆರೆಯನ್ನು ದಾಟಬೇಡಿ.

ಹೆಜ್ಜೆ 3: ಪಾಸಿಂಗ್ ಲೆಕ್ಕ, ಎಲ್ಲರೂ ಎಡವುವ ಜಾಗ

ಸೇಲ್ಸ್‌ನವರು "ಏಳೂವರೆ ಟನ್ ಗಾಡಿ" ಎಂದಾಗ ಅದು ಏಳೂವರೆ ಟನ್ ಮಾಲು ಹೊರುತ್ತದೆಂದು ತಿಳಿದುಕೊಳ್ಳುವ ಕಲಿತ ಜನರನ್ನೂ ನಾನು ನೋಡಿದ್ದೇನೆ. ಅದು ಲಾರಿ, ಬಾಡಿ, ಜನ, ಡೀಸೆಲ್, ಮಾಲು ಎಲ್ಲವೂ ಸೇರಿದ ತೂಕ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಟ್ಟು ತೂಕ 7,490 ಕೆ.ಜಿ. ಇದ್ದು, ಕ್ಯಾಬಿನ್ ಸಮೇತ ಚಾಸಿಸ್ 2,700 ಕೆ.ಜಿ., ಕಬ್ಬಿಣದ ಬಾಡಿ 900 ಕೆ.ಜಿ., ಚಾಲಕ, ಕ್ಲೀನರ್, ತುಂಬಿದ ಟ್ಯಾಂಕ್, ಸ್ಟೆಪ್ನಿ, ಟಾರ್ಪಾಲು, ಹಗ್ಗ ಎಲ್ಲ ಸೇರಿ 350 ಕೆ.ಜಿ. ಆದರೆ, ಮಾಲಿಗೆ ಉಳಿಯುವುದು 3,540 ಕೆ.ಜಿ. ಮಾತ್ರ. 25 ಕೆ.ಜಿ.ಯ ಟೈಲ್ಸ್ ಪೆಟ್ಟಿಗೆಗಳಾದರೆ 141. ನೂರ ನಲವತ್ತೆರಡನೆಯದು ಹೆಚ್ಚುವರಿ ಭಾರ. 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿ ಅಧಿಕ ಭಾರಕ್ಕೆ 20,000 ರೂಪಾಯಿ ದಂಡವಿದೆ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ. ಹೆಚ್ಚಾದ ಮಾಲನ್ನು ದಾರಿಯಲ್ಲೇ ಇಳಿಸುವ ಖರ್ಚೂ ನಿಮ್ಮದೇ. ಬಾಡಿ ಕಟ್ಟುವವರು "ಗಟ್ಟಿ ಇರಲಿ" ಎಂದು ಸೇರಿಸುವ ಪ್ರತಿ ಆಂಗಲ್ಲೂ ನಿಮ್ಮ ಮಾಲಿನ ತೂಕದಿಂದಲೇ ಕಳೆಯುತ್ತದೆ ಎಂಬುದನ್ನು ಮರೆಯಬೇಡಿ.

ಇದಕ್ಕಿಂತ ಸೂಕ್ಷ್ಮವಾದ ವಿಷಯವೆಂದರೆ ಭಾರ ಎಲ್ಲಿ ಕೂರುತ್ತದೆ ಎಂಬುದು. ಒಟ್ಟು ತೂಕ ಮಿತಿಯೊಳಗಿದ್ದರೂ ಮುಂದಿನ ಆಕ್ಸಲ್ ಮಿತಿ ಮೀರಿರಬಹುದು. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, 3.8 ಮೀಟರ್ ಇರುವ ಲಾರಿಯಲ್ಲಿ ಹಿಂದಿನ ಆಕ್ಸಲ್‌ಗಿಂತ ಎರಡೂವರೆ ಮೀಟರ್ ಮುಂದೆ, ಅಂದರೆ ಕ್ಯಾಬಿನ್ನಿಗೆ ಒತ್ತಿ, ಒಂದು ಟನ್ ಇಟ್ಟರೆ ಅದರಲ್ಲಿ ಸುಮಾರು 658 ಕೆ.ಜಿ. ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಅದೇ ಒಂದು ಟನ್ನನ್ನು ಹಿಂದಿನ ಆಕ್ಸಲ್‌ಗಿಂತ ಒಂದು ಮೀಟರ್ ಹಿಂದೆ ಇಟ್ಟರೆ, ಏತದ ಮರದಂತೆ ಅದು ಮುಂದಿನ ಚಕ್ರಗಳಿಂದ ಸುಮಾರು 263 ಕೆ.ಜಿ.ಯನ್ನು ಎತ್ತುತ್ತದೆ. ಅಂಗಡಿಯಿಂದ ಅಂಗಡಿಗೆ ಮಾಲು ಇಳಿಸುತ್ತ ಹೋಗುವವರಿಗೆ ಇದು ಬಹಳ ಮುಖ್ಯ: ಗದಗಿನಲ್ಲಿ ಹಿಂದಿನ ಬಾಗಿಲಿನಿಂದ ಆ ಒಂದು ಟನ್ ಇಳಿಸಿದ ಕೂಡಲೇ ಲಾರಿ ಹಗುರಾಯಿತೆಂದು ಎಲ್ಲರೂ ತಿಳಿಯುತ್ತಾರೆ, ಆದರೆ ಮುಂದಿನ ಆಕ್ಸಲ್ ಮೇಲೆ 263 ಕೆ.ಜಿ. ಹೆಚ್ಚಾಗಿರುತ್ತದೆ.

ನನ್ನ ಪರಿಚಿತರ ಲಾರಿಯಲ್ಲಿ ಆದದ್ದೂ ಇದೇ. ಸ್ಟೀರಿಂಗ್ ಭಾರ ಎಂದು ಚಾಲಕ ದೂರುತ್ತಿದ್ದ, ಮುಂದಿನ ಟೈರುಗಳ ಅಂಚು ಆರು ತಿಂಗಳಲ್ಲೇ ಬೋಳಾಗಿತ್ತು. ಮೆಕ್ಯಾನಿಕ್ ಮೂರು ಸಲ ಅಲೈನ್‌ಮೆಂಟ್ ಮಾಡಿದ. ಕೊನೆಗೆ ಲೋಡಾದ ಲಾರಿಯನ್ನು ವೇಬ್ರಿಡ್ಜಿಗೆ ಒಯ್ದು, ಮುಂದಿನ ಚಕ್ರಗಳನ್ನಷ್ಟೇ ಹಲಗೆಯ ಮೇಲೆ ನಿಲ್ಲಿಸಿ ತೂಗಿಸಿದೆವು. ಚೀಟಿಯಲ್ಲಿ ಬಂದ ಅಂಕಿ ಕ್ಯಾಬಿನ್ನಿನ ಫಲಕದಲ್ಲಿ ಬರೆದ ಮುಂದಿನ ಆಕ್ಸಲ್ ಮಿತಿಗಿಂತ ಹೆಚ್ಚಿತ್ತು. ಪೆಟ್ಟಿಗೆಗಳನ್ನು ಹಿಂದಿನ ಆಕ್ಸಲ್‌ಗಿಂತ ತುಸು ಮುಂದೆ ನಡುವಾಗುವಂತೆ ಹರಡಿ ಜೋಡಿಸಿದ ಮೇಲೆ ಸ್ಟೀರಿಂಗ್ ದೂರು ನಿಂತಿತು. ಆದ್ದರಿಂದ ಹಲವು ಕಡೆ ಮಾಲು ಇಳಿಸುವ ವ್ಯಾಪಾರವಾದರೆ ಪಕ್ಕದಿಂದಲೂ ತೆರೆಯುವ ಬಾಡಿಯನ್ನೇ ಮಾಡಿಸಿ. ಬೇಕಾದ ಸಾಲನ್ನು ಬೇಕಾದಲ್ಲಿಂದ ಇಳಿಸಬಹುದು. ಇದಕ್ಕಾಗಿ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಉದ್ದ ಬೇಕೆಂದು ಗಿಡ್ಡ ಚಾಸಿಸ್‌ ಮೇಲೆ ಉದ್ದ ಬಾಡಿ ಕಟ್ಟಿಸುವ ಅಡ್ಡದಾರಿಯನ್ನು ಮಾತ್ರ ಹಿಡಿಯಬೇಡಿ. ಹಿಂದಿನ ಆಕ್ಸಲ್‌ನಿಂದಾಚೆ ಚಾಚಿದ ಭಾಗ ವೀಲ್‌ಬೇಸಿನ ಶೇ 60ನ್ನು ಮೀರುವಂತಿಲ್ಲ. ಮೀರಿದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಹಿಡಿತ ಹೋಗುತ್ತದೆ.

ಹೆಜ್ಜೆ 4: ಎಂಜಿನ್, ಗೇರು, ಘಾಟಿ

ಅಶ್ವಶಕ್ತಿಯ ಅಂಕಿಗೆ ಮರುಳಾಗಬೇಡಿ. ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಅರಬೈಲ್ ಘಾಟಿಯಲ್ಲಿ ಅಂಕೋಲೆಗೆ ಇಳಿದು ಮತ್ತೆ ಹತ್ತಬೇಕಾದ ಲಾರಿಗೆ ಬೇಕಾದದ್ದು ಕಡಿಮೆ ಆರ್‌ಪಿಎಂನಲ್ಲೇ ಸಿಗುವ ಟಾರ್ಕ್ (ಚಕ್ರ ತಿರುಗಿಸುವ ಬಲ) ಮತ್ತು ಇಳಿಜಾರಿನಲ್ಲಿ ಎಂಜಿನ್ನಿನಿಂದಲೇ ವೇಗ ತಡೆಯುವ ಎಗ್ಸಾಸ್ಟ್ ಬ್ರೇಕ್. ವಿಜಯಪುರ, ಬಾಗಲಕೋಟೆಯ ಬಯಲಿನಲ್ಲಿ ಓಡುವುದಕ್ಕೆ ಎತ್ತರದ ಗೇರಿನ ಲಾರಿಯೇ ಡೀಸೆಲ್ ಉಳಿಸುತ್ತದೆ. ಸಾರಿಗೆ ವಾಹನಗಳಿಗೆ ಗಂಟೆಗೆ 80 ಕಿ.ಮೀ. ವೇಗದ ತಡೆ ಇರುವಾಗ ಅದಕ್ಕಿಂತ ಮೇಲಿನ ವೇಗಕ್ಕೆ ಹಣ ಕೊಡುವುದರಲ್ಲಿ ಅರ್ಥವಿಲ್ಲ. ಡೀಲರನ್ನು ಕೇಳಿ ಡೆಮೊ ಗಾಡಿ ತರಿಸಿ, ನಿಮ್ಮದೇ ಮಾಲು ತುಂಬಿ, ನಿಮ್ಮದೇ ಚಾಲಕನಿಂದ ನಿಮ್ಮದೇ ಘಾಟಿಯಲ್ಲಿ ಓಡಿಸಿ. ಖಾಲಿ ಗಾಡಿಯ ಟೆಸ್ಟ್ ಡ್ರೈವ್‌ನಿಂದ ಏನೂ ತಿಳಿಯುವುದಿಲ್ಲ. ಅಂಥ ಗಾಡಿ ಕೊಡಲು ಹಿಂಜರಿಯುವ ಡೀಲರನನ್ನು ಬಿಟ್ಟು ಮುಂದೆ ಹೋಗಿ.

2020ರ ಏಪ್ರಿಲ್‌ನಿಂದ ಬಂದ ಬಿಎಸ್‌6 ಲಾರಿಗಳ ಹೊಗೆ ಶುದ್ಧೀಕರಣದ ವ್ಯವಸ್ಥೆಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮಸಿ ಹಿಡಿಯುವ ಫಿಲ್ಟರ್ ಇರುವ ಗಾಡಿ ಆಗಾಗ ಹೆದ್ದಾರಿಯಲ್ಲಿ ಬಿಸಿಯಾಗಿ ಓಡಿದರೆ ಆ ಮಸಿ ಚೆನ್ನಾಗಿ ಸುಟ್ಟುಹೋಗುತ್ತದೆ. ದಿನವಿಡೀ ಪೇಟೆಯಲ್ಲೇ ನಿಂತು ನಿಂತು ಓಡುವವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಹೊಗೆ ಶುದ್ಧೀಕರಣಕ್ಕೆ ಹಾಕುವ ಡಿಇಎಫ್ ದ್ರವವೆಂದರೆ ಶೇ 32.5ರಷ್ಟು ಶುದ್ಧ ಯೂರಿಯಾ ಇರುವ ನೀರು. ರಸ್ತೆ ಬದಿಯಲ್ಲಿ ಹೆಸರಿಲ್ಲದ ಕ್ಯಾನುಗಳಲ್ಲಿ ಅಗ್ಗಕ್ಕೆ ಸಿಗುವುದನ್ನು ಹಾಕಬೇಡಿ. ಗೊಬ್ಬರದ ಯೂರಿಯಾ ಕಲಸಿ ಮಾಡಿದ್ದಾದರೆ ಅದರಲ್ಲಿ ಬೇವಿನ ಎಣ್ಣೆಯ ಲೇಪನವೂ ಇರುತ್ತದೆ, ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ, ಕ್ಯಾಟಲಿಸ್ಟ್ ಹಾಳಾಗುತ್ತದೆ. ಕ್ಯಾನಿನ ಮೇಲೆ ಐಎಸ್‌ಒ 22241 ಗುರುತು, ತಯಾರಿಸಿದ ದಿನಾಂಕ ಎರಡನ್ನೂ ನೋಡಿ. ಸಿಎನ್‌ಜಿ ಲಾರಿ ಬೇಕೆನ್ನುವವರು ಸಿಲಿಂಡರುಗಳ ತೂಕವನ್ನೂ ಹೆಜ್ಜೆ 3ರ ಲೆಕ್ಕದಲ್ಲಿ ಕಳೆಯಬೇಕು, ಹೋಗಿ ಬರುವ ಎರಡೂ ದಾರಿಯಲ್ಲಿ ಬಂಕ್ ಇದೆಯೇ ಎಂದು ನೋಡಬೇಕು.

ಹೆಜ್ಜೆ 5: ಕಂಪನಿ, ಹಣ

ಟಾಟಾ, ಐಷರ್, ಅಶೋಕ್ ಲೇಲ್ಯಾಂಡ್, ಭಾರತ್‌ಬೆಂಝ್, ಮಹೀಂದ್ರ, ಎಲ್ಲರ ಬಳಿಯೂ ಈ ವರ್ಗದಲ್ಲಿ ಒಳ್ಳೆಯ ಲಾರಿಗಳಿವೆ. ನಿಮ್ಮ ದಾರಿಯಲ್ಲಿ ಯಾರ ಸರ್ವಿಸ್ ಕೇಂದ್ರ ಹತ್ತಿರವಿದೆಯೋ ಅವರದನ್ನೇ ಕೊಳ್ಳಿ. ಕ್ಲಚ್ ಪ್ಲೇಟಿಗಾಗಿ ನಾಲ್ಕು ದಿನ ನಿಂತ ಲಾರಿಯ ಕಂತನ್ನು ಬ್ಯಾಂಕು ಬಿಡುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸರಕು ಲಾರಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿರುವುದರಿಂದ ಹಳೆಯ ಕೊಟೇಶನ್ ತೋರಿಸಿದರೆ ಒಪ್ಪಬೇಡಿ. 2025ರ ಅಕ್ಟೋಬರ್ 1ರಿಂದ ತಯಾರಾದ ಮೂರೂವರೆ ಟನ್ ಮೇಲಿನ ಲಾರಿಗಳಿಗೆ ಕ್ಯಾಬಿನ್ ಎಸಿ ಕಡ್ಡಾಯವಾಗಿದೆ. ಹಳೆಯ ಸ್ಟಾಕನ್ನು ಅಗ್ಗಕ್ಕೆ ಕೊಡುತ್ತೇವೆಂದರೆ ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಓಡಿಸುವವನನ್ನು ನೆನೆದು ಉತ್ತರ ಕೊಡಿ. ಕಂತನ್ನು ಮಳೆಗಾಲದ ವ್ಯಾಪಾರದ ಲೆಕ್ಕಕ್ಕೆ ಹೊಂದಿಸಿ, ಸುಗ್ಗಿಯ ಲೆಕ್ಕಕ್ಕಲ್ಲ.

ಹೆಜ್ಜೆ 6: ಬಾಡಿ ಕಟ್ಟುವಾಗ ಪಕ್ಕದಲ್ಲಿರಿ

ಚಾಸಿಸ್‌ನ ಉದ್ದನೆಯ ತೊಲೆಗಳ ಮೇಲಂಚು, ಕೆಳಂಚುಗಳಿಗೆ ತೂತು ಕೊರೆಯಲು, ವೆಲ್ಡಿಂಗ್ ಮಾಡಲು ಬಿಡಬೇಡಿ. ಬಾಡಿಯನ್ನು ಯು-ಬೋಲ್ಟ್ ಮತ್ತು ಬ್ರ್ಯಾಕೆಟ್‌ಗಳಿಂದ ಕೂರಿಸಬೇಕು. ಬಾಡಿಗೆ ವೆಲ್ಡಿಂಗ್ ಮಾಡುವಾಗಲೂ ಬ್ಯಾಟರಿಯ ಕೇಬಲ್ಲನ್ನೂ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕನೆಕ್ಟರನ್ನೂ ಬಿಚ್ಚಿಸಿ. ಇದನ್ನು ಮಾಡದೆ ಹೊಸ ಲಾರಿಯ ಇಸಿಯು ಸುಟ್ಟು, ವಾರಂಟಿ ಸಿಗದೆ ಅಲೆದವರನ್ನು ನಾನು ಬಲ್ಲೆ.

ಬಾಡಿ ಮುಗಿದ ದಿನವೇ, ನೋಂದಣಿಗೂ ಮೊದಲು, ಖಾಲಿ ಲಾರಿಯನ್ನು ಟ್ಯಾಂಕ್ ತುಂಬಿಸಿ ವೇಬ್ರಿಡ್ಜಿಗೆ ಒಯ್ಯಿರಿ. ಒಟ್ಟು ತೂಕ, ಮುಂದಿನ ಚಕ್ರಗಳ ತೂಕ, ಹಿಂದಿನ ಚಕ್ರಗಳ ತೂಕ, ಹೀಗೆ ಮೂರು ಚೀಟಿ ತೆಗೆಸಿ. ಅವುಗಳಿಂದ ಎಷ್ಟು ಪೆಟ್ಟಿಗೆ ಹಿಡಿಸುತ್ತದೆಂದು ಲೆಕ್ಕ ಹಾಕಿ, ಆ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು, ಒಂದು ಪ್ರತಿಯನ್ನು ಕ್ಯಾಬಿನ್ನಿನ ಬಾಗಿಲ ಒಳಬದಿಗೂ ಇನ್ನೊಂದನ್ನು ಗೋದಾಮಿನಲ್ಲಿ ಹಮಾಲರು ಲೋಡು ಮಾಡುವ ಜಾಗದ ಗೋಡೆಗೂ ಅಂಟಿಸಿ.